ನಿಮ್ಮ ರೋಗಿಯನ್ನು ನೀವು ಬಲ್ಲಿರಾ?

ವೈದ್ಯಕೀಯ ವಿದ್ಯಾರ್ಥಿಗಳಿಂದ ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮೆಡಿಸಿನ್ ಪೋಸ್ಟಿಂಗಿಗೆ, ಅಂದರೆ ಮೆಡಿಸಿನ್ ವಿಭಾಗದ ವಾರ್ಡಿನಲ್ಲಿ ಕೆಲವು ವಾರ ಇದ್ದು ಕಲಿಯುವ ಅವಧಿಗೆ, ಸಂಬಂಧಿಸಿದವು. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಇವುಗಳಲ್ಲಿ ಒಂದು ಪತ್ರ ರೋಗಿಯೊಬ್ಬರ ಮಗಳದು. ಅದನ್ನು ವಿದ್ಯಾರ್ಥಿಗಳು ತಪ್ಪದೆ ಓದಲಿ ಎಂದು ಅವರ ಪತ್ರಗಳ ನಡುವೆಯೇ ಇಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಮುಂದಿನ ವಾರದಿಂದ ನನಗೆ ಎಂಟು ವಾರಗಳ ಮೆಡಿಸಿನ್ ಪೋಸ್ಟಿಂಗ್ ಆರಂಭವಾಗುತ್ತದೆ. ಹಿರಿಯ ವಿದ್ಯಾರ್ಥಿಗಳನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪಠ್ಯಪುಸ್ತಕವನ್ನು ಮೊದಲೇ ಓದಿ ಮುಗಿಸಿಕೊಂಡು ಹೋಗು ಎನ್ನುವವರಿದ್ದಾರೆ. ವೈದ್ಯರು ಹಾಸಿಗೆಯಿಂದ ಹಾಸಿಗೆಗೆ ಹೋಗಿ ರೋಗಿಗಳನ್ನು ನೋಡುವ ರೌಂಡ್ಸಿನಲ್ಲಿ ಹಿಂದೆ ನಿಂತು ಸುಮ್ಮನಿದ್ದರೆ ಸಾಕು ಎನ್ನುವವರೂ ಇದ್ದಾರೆ. ಯೂನಿಟ್ಟಿನವರು, ಅಂದರೆ ಆ ವಾರ್ಡಿನ ವೈದ್ಯರ ತಂಡದವರು, ನನ್ನಿಂದ ನಿಜವಾಗಿ ಏನನ್ನು ನಿರೀಕ್ಷಿಸುತ್ತಾರೆ?
— ಮೂರನೆಯ ವರ್ಷದ ವಿದ್ಯಾರ್ಥಿನಿ

ಉತ್ತರ: ನಿಮಗೆ ಎರಡೋ ಮೂರೋ ರೋಗಿಗಳನ್ನು ವಹಿಸುತ್ತಾರೆ. ಆ ಎರಡು ಮೂರು ಮಂದಿಯ ವಿಷಯದಲ್ಲಿ ಇಡೀ ಯೂನಿಟ್ಟಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವರು ನೀವಾಗಿರಬೇಕು. ನಿಮ್ಮಿಂದ ಇರುವ ಮುಖ್ಯ ನಿರೀಕ್ಷೆ ಇದೇ, ಉಳಿದವೆಲ್ಲ ಇದರ ಹಿಂದೆ ಬರುತ್ತವೆ. ರೋಗದ ಬಗ್ಗೆ ನಿಮಗಿಂತ ಹೆಚ್ಚು ಬಲ್ಲವರು ಆ ವಾರ್ಡಿನಲ್ಲಿ ಹತ್ತು ಜನರಿರುತ್ತಾರೆ. ಅವರನ್ನು ಎಂಟು ವಾರಗಳಲ್ಲಿ ಸರಿಗಟ್ಟಲು ನಿಮ್ಮಿಂದಾಗದು, ಆಗಬೇಕಾಗಿಯೂ ಇಲ್ಲ. ಆದರೆ ಇಪ್ಪತ್ತು ಮೂವತ್ತು ರೋಗಿಗಳ ಹೊಣೆ ಹೊತ್ತ ಡ್ಯೂಟಿ ವೈದ್ಯರಿಗೆ ಒಬ್ಬ ರೋಗಿಯ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳುವ ಅವಕಾಶವಿಲ್ಲ. ಆ ಅವಕಾಶ ನಿಮಗಿದೆ. ಆಸ್ಪತ್ರೆಯಲ್ಲಿ ವಿದ್ಯಾರ್ಥಿಯೊಬ್ಬರಿಗೆ ಇರುವ ನಿಜವಾದ ಆಸ್ತಿ ಈ ಸಮಯವೇ.

ರೌಂಡ್ಸ್ ಎಂಟಕ್ಕೆ ಎಂದಾದರೆ ನೀವು ಏಳಕ್ಕೆ ವಾರ್ಡಿನಲ್ಲಿರಬೇಕು. ಮೊದಲು ರಾತ್ರಿ ಪಾಳಿಯ ಸಿಸ್ಟರನ್ನು ಕಾಣಿ. ಅವರು ಮನೆಗೆ ಹೊರಡುವ ಮುನ್ನ ನಿಮ್ಮ ರೋಗಿಯ ಬಗ್ಗೆ ಹೇಳುವ ನಾಲ್ಕು ಮಾತು ಎಷ್ಟೋ ಸಲ ಕೇಸ್ ಶೀಟಿನ ನಾಲ್ಕು ಪುಟಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ. ಆಮೇಲೆ ಜ್ವರ, ನಾಡಿ, ರಕ್ತದೊತ್ತಡ, ಉಸಿರಾಟ, ಆಮ್ಲಜನಕದ ಪ್ರಮಾಣ ಇವುಗಳ ಚಾರ್ಟು ನೋಡಿ. ಆ ಹೊತ್ತಿನ ಅಂಕಿಯನ್ನಷ್ಟೇ ನೋಡಿ ಬಿಡದೆ ನಿನ್ನೆಯಿಂದ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಗಮನಿಸಿ. ಒಳಗೆ ಹೋದ ದ್ರವವೆಷ್ಟು, ಹೊರಗೆ ಬಂದ ಮೂತ್ರವೆಷ್ಟು, ಹೊಸದಾಗಿ ಯಾವ ವರದಿ ಬಂದಿದೆ ಎಂಬುದನ್ನು ಬರೆದುಕೊಳ್ಳಿ. ಔಷಧದ ಪಟ್ಟಿಯಲ್ಲಿ ಬರೆದಿರುವುದು ಬೇರೆ, ರೋಗಿಗೆ ವಾಸ್ತವವಾಗಿ ಸಿಕ್ಕಿರುವುದು ಬೇರೆ ಆಗಿರಬಹುದು. ಕೊಟ್ಟಿದ್ದಕ್ಕೆ ಸಹಿ ಇದೆಯೇ ಎಂದು ನೋಡಿ. ಇಷ್ಟಾದ ಮೇಲೆ ರೋಗಿಯ ಬಳಿಗೆ ಹೋಗಿ, ಕುಳಿತು ಮಾತನಾಡಿ, ಪರೀಕ್ಷಿಸಿ.

ಒಂದು ಉದಾಹರಣೆ ಹೇಳುತ್ತೇನೆ. ಹೃದಯ ವೈಫಲ್ಯದಿಂದ ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುವಂತಾಗಿ ದಾಖಲಾದ ರೋಗಿಯೊಬ್ಬರು ನಿಮ್ಮ ಪಾಲಿಗೆ ಬಂದಿದ್ದಾರೆ ಎಂದುಕೊಳ್ಳಿ. ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಚುಚ್ಚುಮದ್ದು ನಡೆಯುತ್ತಿದೆ, ಅದು ಮೂತ್ರದೊಡನೆ ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತದೆ. ರೌಂಡ್ಸಿನಲ್ಲಿ ನೀವು ‘ರೋಗಿ ಚೆನ್ನಾಗಿದ್ದಾರೆ’ ಎಂದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನಿನ್ನೆ ಬೆಳಿಗ್ಗೆ 71.4 ಕಿಲೋ ಇದ್ದ ತೂಕ ಇಂದು ಅದೇ ಹೊತ್ತಿಗೆ, ಅದೇ ತಕ್ಕಡಿಯಲ್ಲಿ 70.2 ಆಗಿದೆ, ಮೊನ್ನೆ ಮೂರು ದಿಂಬು ಬೇಕಾಗಿತ್ತು, ನಿನ್ನೆ ರಾತ್ರಿ ಒಂದರಲ್ಲೇ ಮಲಗಿದ್ದರು, 45 ಡಿಗ್ರಿ ಒರಗಿಸಿ ನೋಡಿದಾಗ ಕುತ್ತಿಗೆಯ ರಕ್ತನಾಳದ ಮಿಡಿತ ಎದೆಮೂಳೆಯ ಕೋನದಿಂದ 4 ಸೆಂಟಿಮೀಟರ್ ಮೇಲಿದೆ, ಅಂದರೆ ಇನ್ನೂ ಹೆಚ್ಚೇ ಇದೆ, ಬೆಳಗಿನ ಜಾವ ಮೀನಖಂಡ ಸೆಳೆಯಿತು ಎಂದರು, ರಕ್ತದ ಪೊಟ್ಯಾಸಿಯಂ ಇಂದು 3.1ಕ್ಕೆ ಇಳಿದಿದೆ: ಹೀಗೆ ಹೇಳಿದರೆ ಆ ದಿನದ ಚಿಕಿತ್ಸೆಯ ನಿರ್ಧಾರ ನಿಮ್ಮ ಮಾತಿನ ಮೇಲೆಯೇ ನಿಲ್ಲುತ್ತದೆ. ಪೊಟ್ಯಾಸಿಯಂ 3.5ರಿಂದ 5ರ ನಡುವೆ ಇರಬೇಕೆಂಬುದು ಅಲ್ಲಿರುವ ಎಲ್ಲರಿಗೂ ಗೊತ್ತು. ಕಾಲು ಸೆಳೆದದ್ದು ಮಾತ್ರ ಕುಳಿತು ಕೇಳಿದವರಿಗೆ ಗೊತ್ತು.

ರೌಂಡ್ಸ್ ಮುಗಿದ ಮೇಲೆ ನಿಮ್ಮ ದಿನ ಮುಗಿಯುವುದಿಲ್ಲ. ಬರೆದುಕೊಟ್ಟ ಪರೀಕ್ಷೆ ನಡೆಯಿತೇ, ಸ್ಕ್ಯಾನಿಗೆ ರೋಗಿಯನ್ನು ಕರೆದೊಯ್ದರೇ, ಬೇರೆ ವಿಭಾಗದ ತಜ್ಞರು ಬಂದು ನೋಡಿದರೇ ಎಂಬುದರ ಬೆನ್ನು ಹತ್ತುವುದು ನಿಮ್ಮ ಕೆಲಸ. ನೀವು ಬರೆಯುವ ಟಿಪ್ಪಣಿಗೆ ಮೇಲಿನ ವೈದ್ಯರ ಸಹಿ ಬೀಳಬೇಕು. ಔಷಧ ಬರೆಯುವುದು, ಬದಲಿಸುವುದು, ನಿಲ್ಲಿಸುವುದು ನಿಮ್ಮ ಅಧಿಕಾರದಲ್ಲಿಲ್ಲ. ರೋಗಿಗೆ ಇನ್ನೂ ತಿಳಿಸದ ರೋಗನಿರ್ಣಯವನ್ನು, ಅದರಲ್ಲೂ ಗಂಭೀರವಾದದ್ದನ್ನು, ನೀವು ಮೊದಲು ಬಾಯಿಬಿಡಬಾರದು. ‘ವರದಿ ಏನು ಹೇಳುತ್ತದೆ?’ ಎಂದು ಅವರು ಕೇಳಿದರೆ, ‘ಡಾಕ್ಟರನ್ನು ಕರೆದುಕೊಂಡು ಬರುತ್ತೇನೆ, ಅವರೇ ವಿವರಿಸುತ್ತಾರೆ’ ಎಂದು ಹೇಳಿ, ಹೇಳಿದಂತೆ ಕರೆದುಕೊಂಡು ಬನ್ನಿ.

ಪುಸ್ತಕದ ಬಗ್ಗೆ ಕೇಳಿದ್ದೀರಿ. ಇಡೀ ಪಠ್ಯಪುಸ್ತಕವನ್ನು ಮೊದಲೇ ಓದಿ ಮುಗಿಸಲು ಹೊರಡಬೇಡಿ. ಪ್ರತಿ ಸಂಜೆ ನಿಮ್ಮ ರೋಗಿ ಹುಟ್ಟಿಸಿದ ಒಂದು ಪ್ರಶ್ನೆಗೆ ಉತ್ತರ ಹುಡುಕಿ ಓದಿ. ಒಬ್ಬ ರೋಗಿಯ ಮುಖದೊಂದಿಗೆ ಓದಿದ್ದು ಮರೆಯುವುದಿಲ್ಲ. ವಿಲಿಯಂ ಆಸ್ಲರ್ ಎಂಬ ವೈದ್ಯರು 1890ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ಎಬ್ಬಿಸಿ ವಾರ್ಡಿಗೆ ಕರೆತಂದು, ಒಬ್ಬೊಬ್ಬರಿಗೂ ಇಷ್ಟಿಷ್ಟು ರೋಗಿಗಳೆಂದು ವಹಿಸಿದ್ದು ಇದೇ ನಂಬಿಕೆಯಿಂದ. ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಪಾಠ ಹೇಳಿದವನು ಎಂದಷ್ಟೇ ತನ್ನ ಸಮಾಧಿಯ ಮೇಲೆ ಬರೆದರೆ ಸಾಕು ಎಂದು ಅವರು ಬಯಸಿದ್ದರು.

ಪ್ರಶ್ನೆ: ಸರ್, ಹೊಸ ರೋಗಿಯ ಹಿಸ್ಟರಿ (ಕಾಯಿಲೆಯ ಪೂರ್ವಾಪರ) ತೆಗೆದುಕೊಳ್ಳಲು ನನಗೆ ಒಂದೂವರೆ ಗಂಟೆ ಬೇಕಾಗುತ್ತದೆ. ಅಷ್ಟೆಲ್ಲ ಬರೆದುಕೊಂಡು ರೌಂಡ್ಸಿನಲ್ಲಿ ಹೇಳತೊಡಗಿದರೆ ಎರಡು ನಿಮಿಷಕ್ಕೇ ತಡೆದು ‘ವಿಷಯಕ್ಕೆ ಬನ್ನಿ’ ಎನ್ನುತ್ತಾರೆ. ಕೇಸ್ ಪ್ರೆಸೆಂಟೇಶನ್ ಹೇಗಿರಬೇಕು?
— ನಾಲ್ಕನೆಯ ವರ್ಷದ ವಿದ್ಯಾರ್ಥಿ

ಉತ್ತರ: ಒಂದೂವರೆ ಗಂಟೆ ತೆಗೆದುಕೊಳ್ಳುವುದಕ್ಕೆ ನಾಚಬೇಡಿ. ಬ್ರಿಟನ್ನಿನಲ್ಲಿ 1975ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಡಿಸಿನ್ ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ರೋಗಿಗಳನ್ನು ಗಮನಿಸಿದಾಗ, 66 ಮಂದಿಯಲ್ಲಿ ಹಿಸ್ಟರಿ ಹಾಗೂ ಕಳುಹಿಸಿದ ವೈದ್ಯರ ಪತ್ರವನ್ನು ಆಧರಿಸಿ ಮಾಡಿದ ರೋಗನಿರ್ಣಯವೇ ಕೊನೆಯವರೆಗೂ ನಿಂತಿತು. ದೇಹಪರೀಕ್ಷೆಯಿಂದ ನಿರ್ಣಯ ಬದಲಾದದ್ದು 7 ಮಂದಿಯಲ್ಲಿ, ಪ್ರಯೋಗಾಲಯದ ಪರೀಕ್ಷೆಗಳಿಂದ ಬದಲಾದದ್ದು ಇನ್ನು 7 ಮಂದಿಯಲ್ಲಿ ಮಾತ್ರ. ಆಮೇಲೆ 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ರೋಗಿ ತನ್ನ ತೊಂದರೆಯನ್ನು ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲೇ ವೈದ್ಯರು ಮಧ್ಯೆ ಬಾಯಿ ಹಾಕುತ್ತಿದ್ದರೆಂದು ತೋರಿಸಿತು. ಎಲ್ಲಕ್ಕಿಂತ ಹೆಚ್ಚು ತಿಳಿಸಬಲ್ಲ ಮಾತನ್ನೇ ನಾವು ಅರ್ಧಕ್ಕೆ ತುಂಡರಿಸುತ್ತೇವೆ. ನೀವಾದರೂ ಪೂರ್ತಿ ಕೇಳಿ. ಅಭ್ಯಾಸವಾದಂತೆ ಸಮಯ ತಾನಾಗಿ ಇಳಿಯುತ್ತದೆ.

ಆದರೆ ಹಿಸ್ಟರಿ ಕೇಳುವುದು ಬೇರೆ, ಅದನ್ನು ಒಪ್ಪಿಸುವುದು ಬೇರೆ. ನೀವು ಬಹುಶಃ ಕೇಳಿದ ಕ್ರಮದಲ್ಲೇ ಎಲ್ಲವನ್ನೂ ಹೇಳುತ್ತಿದ್ದೀರಿ. ಕೇಳುವವರಿಗೆ ಬೇಕಾಗಿರುವುದು ವಾದದ ಕ್ರಮ. ಹೊಸ ರೋಗಿಯಾದರೆ ಐದರಿಂದ ಏಳು ನಿಮಿಷ, ಹಳೆಯ ರೋಗಿಯಾದರೆ ಎರಡು ನಿಮಿಷ ಎಂದು ಇಟ್ಟುಕೊಳ್ಳಿ. ಎಲ್ಲಕ್ಕಿಂತ ಹೆಚ್ಚು ದುಡಿಯಬೇಕಾದದ್ದು ಮೊದಲ ವಾಕ್ಯದ ಮೇಲೆ. ‘ಐವತ್ತೆಂಟು ವರ್ಷದ ಈ ವ್ಯಕ್ತಿಗೆ ಉಸಿರಾಟದ ತೊಂದರೆ’ ಎಂಬ ವಾಕ್ಯ ಕೇಳುವವರ ಮನಸ್ಸಿನಲ್ಲಿ ಯಾವ ದಾರಿಯನ್ನೂ ತೆರೆಯುವುದಿಲ್ಲ. ‘ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ, ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿದ್ದ ಐವತ್ತೆಂಟು ವರ್ಷದ ಈ ವ್ಯಕ್ತಿಗೆ ಎರಡು ವಾರಗಳಿಂದ ಹೆಚ್ಚುತ್ತಿರುವ, ಮಲಗಿದಾಗ ಉಲ್ಬಣಿಸುವ ಉಬ್ಬಸವಿದೆ’ ಎಂದರೆ ಅರ್ಧ ಕೇಸು ಮುಗಿದಂತೆ.

ಇಲ್ಲದ ಲಕ್ಷಣಗಳನ್ನೂ ಹೇಳಬೇಕು, ಆದರೆ ಆರಿಸಿ. ಇದೇ ರೋಗಿಯಲ್ಲಿ ಜ್ವರವಿಲ್ಲ, ಕಫವಿಲ್ಲ ಎಂಬುದು ನ್ಯುಮೋನಿಯಾವನ್ನು ಹಿಂದಕ್ಕೆ ಸರಿಸುತ್ತದೆ. ಒಂದೇ ಕಾಲು ಊದಿಲ್ಲ, ಈಚೆಗೆ ಹಾಸಿಗೆ ಹಿಡಿದು ಮಲಗಿದ್ದಿಲ್ಲ ಎಂಬುದು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಲುಕಿರುವ ಸಾಧ್ಯತೆಯನ್ನು ತಗ್ಗಿಸುತ್ತದೆ. ಅವರಿಗೆ ತಲೆನೋವಿಲ್ಲ, ಕೀಲುನೋವಿಲ್ಲ ಎಂಬುದು ಈ ಹೊತ್ತಿಗೆ ಬೇಕಾಗಿಲ್ಲ. ಅವನ್ನು ಕೇಸ್ ಶೀಟಿನಲ್ಲಿ ಬರೆದಿಡಿ, ಕೇಳಿದರೆ ಹೇಳಿ.

ಹಳೆಯ ರೋಗಿಯ ಬಗ್ಗೆ ಹೇಳುವಾಗ ರೋಗಿ ಹೇಳಿದ್ದು, ನೀವು ಕಂಡದ್ದು, ಅದರಿಂದ ನಿಮಗನಿಸಿದ್ದು, ಮುಂದೆ ಮಾಡಬೇಕಾದದ್ದು ಎಂಬ ಕ್ರಮ ಇಂದು ಎಲ್ಲೆಡೆ ರೂಢಿಯಲ್ಲಿದೆ. ವೈದ್ಯಕೀಯ ದಾಖಲೆಯನ್ನು ರೋಗಿಯ ಸಮಸ್ಯೆಗಳ ಸುತ್ತ ಕಟ್ಟಬೇಕೆಂದು 1960ರ ದಶಕದಲ್ಲಿ ಪಟ್ಟುಹಿಡಿದು ವಾದಿಸಿದ ಲಾರೆನ್ಸ್ ವೀಡ್ ಎಂಬ ವೈದ್ಯರಿಂದ ಬಂದ ಪದ್ಧತಿ ಇದು. ಇದರಲ್ಲಿ ವಿದ್ಯಾರ್ಥಿಗಳು ಮೊದಲೆರಡನ್ನು ಧೈರ್ಯವಾಗಿ ಹೇಳಿ, ಮೂರನೆಯದಕ್ಕೆ ಬಂದೊಡನೆ ತಡವರಿಸಿ ಮೇಷ್ಟರ ಮುಖ ನೋಡುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರೆಸೆಂಟೇಶನ್ನಿನಲ್ಲಿ ಬೆಲೆಯುಳ್ಳ ಭಾಗ ಅದೇ. ‘ನನಗೆ ಇದು ಹೃದಯ ವೈಫಲ್ಯ ಅನಿಸುತ್ತದೆ, ಏಕೆಂದರೆ ಇಂಥಿಂಥ ಕಾರಣ, ಆದರೆ ಹೊಸದಾಗಿ ಹೃದಯಾಘಾತವಾಗಿಲ್ಲ ಎಂದು ಖಚಿತಪಡಿಸಿಕೊಳ್ಳದೆ ಬಿಡುವಂತಿಲ್ಲ’ ಎಂದು ಹೇಳಿಬಿಡಿ. ಹೆಚ್ಚು ಸಂಭವವಿರುವುದು ಯಾವುದು, ತಪ್ಪಿಹೋದರೆ ಜೀವಕ್ಕೇ ಕುತ್ತಾಗುವುದು ಯಾವುದು, ಎರಡನ್ನೂ ಹೇಳಿ. ನಿಮ್ಮ ತೀರ್ಮಾನ ತಪ್ಪಾದರೂ ಚಿಂತೆಯಿಲ್ಲ. ಎಲ್ಲಿ ತಪ್ಪಿತೆಂದು ತೋರಿಸಲು ಎದುರಿಗೆ ಒಬ್ಬರು ನಿಂತಿರುವ ಕಾಲ ಇದೊಂದೇ. ಮುಂದೆ ನಡುರಾತ್ರಿ ಒಬ್ಬರೇ ನಿಂತು ನಿರ್ಧರಿಸುವಾಗ ಅವರು ಇರುವುದಿಲ್ಲ.

ಪ್ರಶ್ನೆ: ಮೊನ್ನೆ ರೌಂಡ್ಸಿನಲ್ಲಿ ‘ಕಾಲಿನ ನಾಡಿಗಳು ಸಿಗುತ್ತವೆಯೇ?’ ಎಂದು ಕೇಳಿದರು. ನಾನು ಮುಟ್ಟಿ ನೋಡಿರಲಿಲ್ಲ. ಬಾಯಿಂದ ‘ಸಿಗುತ್ತವೆ’ ಎಂದು ಬಂದುಬಿಟ್ಟಿತು. ಯಾರೂ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ.
— ಹೆಸರು ಬೇಡ ಎಂದ ವಿದ್ಯಾರ್ಥಿ

ಉತ್ತರ: ಈ ಅಂಕಣ ಪ್ರಕಟವಾಗುವವರೆಗೆ ನೀವು ಕಾಯದಿರಲಿ ಎಂದು ನಿಮಗೆ ಆಗಲೇ ಪತ್ರ ಬರೆದಿದ್ದೇನೆ, ಅದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತೇನೆ. ಈಗಲೇ ಹೋಗಿ ಆ ಕಾಲಿನ ನಾಡಿಗಳನ್ನು ನೋಡಿ. ನಂತರ ಮೇಲಿನ ವೈದ್ಯರನ್ನು ಕಂಡು, ‘ಅಂದು ನಾನು ನೋಡದೆ ಹೇಳಿದ್ದೆ, ಈಗ ನೋಡಿದ್ದೇನೆ, ಇದು ಕಂಡದ್ದು’ ಎಂದು ಹೇಳಿ. ಕೇಳಿಸಿಕೊಳ್ಳಬೇಕಾದದ್ದನ್ನು ಕೇಳಿಸಿಕೊಳ್ಳಿ. ಅದು ಕಷ್ಟದ ಎರಡು ನಿಮಿಷ, ಆದರೆ ಆ ರೋಗಿಗೆ ಸಕ್ಕರೆ ಕಾಯಿಲೆಯಿದ್ದು ಕಾಲಿನಲ್ಲಿ ಹುಣ್ಣಿದ್ದರೆ, ನೀವು ಹೇಳಿದ ಒಂದು ಸುಳ್ಳಿನಿಂದ ಕಾಲು ಉಳಿಯುವ ಅವಕಾಶವೇ ಕೈತಪ್ಪಬಹುದು.

ನಿಮ್ಮನ್ನು ಗದರಿಸುವ ಅಧಿಕಾರ ನನಗಿಲ್ಲ, ಏಕೆಂದರೆ ನಾನೂ ಇದನ್ನು ಮಾಡಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ವಾಂತಿ, ಹೊಟ್ಟೆನೋವು ಎಂದು ದಾಖಲಾಗಿದ್ದ ಹತ್ತೊಂಬತ್ತರ ಹುಡುಗನೊಬ್ಬನ ಕೇಸ್ ಶೀಟಿನಲ್ಲಿ ‘ಉಸಿರಾಟ ನಿಮಿಷಕ್ಕೆ 18’ ಎಂದು ಬರೆದಿದ್ದೆ. ಎಣಿಸಿರಲಿಲ್ಲ. ಎಲ್ಲರೂ 18 ಎಂದೇ ಬರೆಯುತ್ತಿದ್ದರು. ನಮ್ಮ ಚೀಫ್ ಹಾಳೆಯನ್ನು ಓದಿದರು, ಹುಡುಗನ ಕಡೆ ನೋಡಿದರು, ಕೈಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ‘ಒಂದು ನಿಮಿಷ ಎಣಿಸಿ’ ಎಂದರು. ಇಡೀ ಯೂನಿಟ್ಟು ಸುಮ್ಮನೆ ನಿಂತಿತ್ತು. ಹುಡುಗನ ಹೊದಿಕೆ ಏರಿ ಇಳಿಯುವುದನ್ನು ನಾನು ಎಣಿಸಿದೆ: 34. ಎಣಿಸುತ್ತಿರುವಾಗಲೇ ಕಂಡಿತು, ಅದು ವೇಗದ ಉಸಿರಾಟವಷ್ಟೇ ಅಲ್ಲ, ಆಳವಾದ, ಏದುಸಿರಿನಂಥ ಉಸಿರಾಟ. ಹತ್ತಿರ ಬಾಗಿದರೆ ಕೊಳೆತ ಹಣ್ಣಿನ ವಾಸನೆ. ಸಕ್ಕರೆ ಕಾಯಿಲೆ ಇರುವುದೇ ಗೊತ್ತಿಲ್ಲದ ಆ ಹುಡುಗನ ರಕ್ತ, ಇನ್ಸುಲಿನ್ ಸಾಲದಾದಾಗ ದೇಹದಲ್ಲಿ ಹೆಚ್ಚುವ ಕೀಟೋನುಗಳಿಂದ ಆಮ್ಲವಾಗುತ್ತಿತ್ತು, ಆ ಆಮ್ಲವನ್ನು ಇಳಿಸಿಕೊಳ್ಳಲು ಅವನ ದೇಹ ಉಸಿರನ್ನು ಹೊರದೂಡುತ್ತಿತ್ತು. ಚೀಫ್ ನನಗೆ ಮತ್ತೊಂದು ಮಾತನ್ನೂ ಹೇಳಲಿಲ್ಲ. ಇನ್ಸುಲಿನ್ ಮತ್ತು ಸಲೈನ್ ಆರಂಭಿಸಲು ಹೇಳಿ ಮುಂದಿನ ಹಾಸಿಗೆಗೆ ನಡೆದರು. ಹುಡುಗ ಉಳಿದ. ಅಂದಿನಿಂದ ಇಂದಿನವರೆಗೆ ಉಸಿರಾಟವನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸದೆ ಬರೆದಿಲ್ಲ.

‘ನೋಡಿದೆ, ಇರಲಿಲ್ಲ’ ಎಂಬುದು ಒಂದು ಉತ್ತರ. ‘ನೋಡಿದೆ, ಆದರೆ ನನಗೆ ಖಚಿತವಾಗಲಿಲ್ಲ’ ಎಂಬುದು ಇನ್ನೊಂದು. ‘ನೋಡಲಿಲ್ಲ’ ಎಂಬುದು ಮೂರನೆಯದು. ಈ ಮೂರನ್ನೂ ನಾವು ಸ್ವೀಕರಿಸುತ್ತೇವೆ, ಮೂರರಿಂದಲೂ ಮುಂದೇನು ಮಾಡಬೇಕೆಂದು ತಿಳಿಯುತ್ತದೆ. ನಾಲ್ಕನೆಯ ಉತ್ತರ ಮಾತ್ರ ಇಡೀ ಯೂನಿಟ್ಟನ್ನು ದಾರಿ ತಪ್ಪಿಸುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕಾಣದೆಯೇ ಪ್ರಮಾಣ ಮಾಡಿದರೆ ಹೇಗೆ? ನಿನ್ನೆಯ ಟಿಪ್ಪಣಿಯನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿ ಇಂದಿನ ದಿನಾಂಕ ಹಾಕುವವರಿಗೂ ಇದೇ ಮಾತು ಸಲ್ಲುತ್ತದೆ.

ಪ್ರಶ್ನೆ: ನನ್ನ ತಂದೆ ಯಕೃತ್ತಿನ ಕಾಯಿಲೆಯಿಂದ ಬೋಧನಾ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ದಿನ ಇದ್ದರು. ಒಂದೇ ಮಧ್ಯಾಹ್ನ ಏಳು ವಿದ್ಯಾರ್ಥಿಗಳು ಬಂದು ಅವರ ಹೊಟ್ಟೆಯನ್ನು ಒತ್ತಿ, ತಟ್ಟಿ ನೋಡಿದರು. ತಂದೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಮಲಗಿದ್ದರು. ಬೇಡ ಎನ್ನುವ ಹಕ್ಕು ನಮಗಿದೆಯೇ? ಹಾಗೆ ಹೇಳಿದರೆ ಚಿಕಿತ್ಸೆಗೆ ತೊಂದರೆಯಾಗುತ್ತದೆಯೇ?
— ಒಬ್ಬ ಮಗಳು

ಉತ್ತರ: ಖಂಡಿತ ಇದೆ, ಅಮ್ಮ. ವಿದ್ಯಾರ್ಥಿಯಿಂದ ಪರೀಕ್ಷೆ ಮಾಡಿಸಿಕೊಳ್ಳಲು ಒಪ್ಪುವುದು ಅಥವಾ ಬಿಡುವುದು ರೋಗಿಗೆ ಸೇರಿದ್ದು. ಒಮ್ಮೆ ಒಪ್ಪಿದವರು ನಡುವೆ ಸಾಕು ಎನ್ನಲೂಬಹುದು. ಅದರಿಂದ ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗಕೂಡದು. ಸಿಸ್ಟರಿಗೋ ಡ್ಯೂಟಿ ವೈದ್ಯರಿಗೋ ಒಂದು ಮಾತು ಹೇಳಿದರೆ ಸಾಕು. ನಿಮ್ಮ ತಂದೆಯವರಿಗೆ ಆದ ಆಯಾಸಕ್ಕೆ, ಅದಕ್ಕಿಂತ ಹೆಚ್ಚಾಗಿ ಆದ ಮುಜುಗರಕ್ಕೆ, ಕಲಿಸುವ ಕಸುಬಿನವನಾಗಿ ನಾನು ಕ್ಷಮೆ ಕೇಳುತ್ತೇನೆ.

ಈಗ ವಿದ್ಯಾರ್ಥಿಗಳಿಗೆ. ಹಾಸಿಗೆಯ ಬಳಿ ಹೋದಾಗ ನಿಮ್ಮ ಹೆಸರು ಹೇಳಿ, ನಾನು ವಿದ್ಯಾರ್ಥಿ ಎಂದು ಹೇಳಿ. ‘ಡಾಕ್ಟರ್’ ಎಂದು ಅವರು ಕರೆದರೆ ತಿದ್ದಿ. ಪರೀಕ್ಷಿಸಬಹುದೇ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಪರದೆ ಎಳೆಯಿರಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಹೊಟ್ಟೆ ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಬೇಕು, ನೋವು ಮೊದಲು ಅಲ್ಲಿಯೇ ಕಾಣುತ್ತದೆ. ‘ಒಳ್ಳೆಯ ಲಿವರ್ ಇದೆ, ಹೋಗಿ ನೋಡಿ’ ಎಂದು ಗೆಳೆಯರನ್ನು ಕಳುಹಿಸಬೇಡಿ; ಅಲ್ಲಿರುವುದು ಲಿವರ್ ಅಲ್ಲ, ಒಬ್ಬರ ತಂದೆ. ನಾವಿಂದು ಕೊರಳಿಗೆ ಹಾಕಿಕೊಂಡು ತಿರುಗುವ ಸ್ಟೆತಸ್ಕೋಪ್ ಹುಟ್ಟಿದ್ದೇ ರೋಗಿಯ ಮರ್ಯಾದೆಯನ್ನು ಕಾಯುವುದಕ್ಕಾಗಿ. ಪ್ಯಾರಿಸ್ಸಿನಲ್ಲಿ 1816ರಲ್ಲಿ ಲೆನೆಕ್ ಎಂಬ ವೈದ್ಯರು ಯುವತಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಡುವುದು ಸರಿಯಲ್ಲವೆಂದು ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ಅದರ ಮೂಲಕ ಕೇಳಿದರು. ಹೃದಯದ ಸದ್ದು ಕಿವಿಯಿಟ್ಟಾಗಿನದಕ್ಕಿಂತ ಸ್ಪಷ್ಟವಾಗಿ ಕೇಳಿಸಿತು.

ಕೈ ತೊಳೆಯುವುದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಇತಿಹಾಸ ನೇರವಾಗಿ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಬಹಳ ಹೆಚ್ಚು. ಶವಪರೀಕ್ಷೆಯ ಕೊಠಡಿಯಿಂದ ನೇರವಾಗಿ ಹೆರಿಗೆಯ ಕೊಠಡಿಗೆ ಬರುವ ಕೈಗಳೇ ಇದಕ್ಕೆ ಕಾರಣವೆಂದು 1847ರಲ್ಲಿ ಕಂಡುಕೊಂಡ ವೈದ್ಯ ಸೆಮ್ಮೆಲ್‌ವೈಸ್, ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದರು. ಸಾವುಗಳು ಕೂಡಲೇ ಇಳಿದವು. ರೋಗಿಯನ್ನು ಮುಟ್ಟುವ ಮುನ್ನ ಮತ್ತು ಮುಟ್ಟಿದ ಮೇಲೆ ಆಲ್ಕೊಹಾಲ್ ದ್ರಾವಣ ಹಾಕಿ 20ರಿಂದ 30 ಸೆಕೆಂಡು ಕೈ ಉಜ್ಜಿ. ಭೇದಿಯ ರೋಗಿಯಾದರೆ, ಅಥವಾ ಕೈ ಕಣ್ಣಿಗೆ ಕಾಣುವಂತೆ ಕೊಳೆಯಾಗಿದ್ದರೆ, ಸೋಪು ನೀರೇ ಬೇಕು. ಚೀಫ್ ಮರೆತರೂ ನೀವು ಮರೆಯಬೇಡಿ.

ಪ್ರಶ್ನೆ: ರೌಂಡ್ಸಿನಲ್ಲಿ ಪ್ರಶ್ನೆಗೆ ಉತ್ತರ ಬರಲಿಲ್ಲವೆಂದು ಹಿರಿಯರೊಬ್ಬರು ರೋಗಿಗಳ ಎದುರಿಗೇ ‘ನಿನ್ನಂಥವರು ಯಾಕೆ ಬರುತ್ತೀರಿ’ ಎಂದರು. ಇದನ್ನೂ ಕಲಿಕೆಯ ಭಾಗ ಎಂದು ಸಹಿಸಬೇಕೇ?
— ಮೂರನೆಯ ವರ್ಷದ ವಿದ್ಯಾರ್ಥಿ

ಉತ್ತರ: ಸಹಿಸಬೇಕಾಗಿಲ್ಲ. ಪ್ರಶ್ನೆ ಕೇಳುವುದು ನಿಮ್ಮ ತಿಳಿವಳಿಕೆ ಎಲ್ಲಿ ಮುಗಿಯುತ್ತದೆಂದು ಕಂಡುಕೊಂಡು ಅಲ್ಲಿಂದ ಕಲಿಸುವುದಕ್ಕಾಗಿ. ಆದ್ದರಿಂದ ಕೊನೆಗೊಮ್ಮೆ ಉತ್ತರ ತಿಳಿಯದ ಪ್ರಶ್ನೆ ಬಂದೇ ಬರುತ್ತದೆ. ಆಗ ‘ಗೊತ್ತಿಲ್ಲ, ಓದಿಕೊಂಡು ಬರುತ್ತೇನೆ’ ಎಂದು ಹೇಳಿ ಮರುದಿನ ಕೇಳದೆಯೇ ಎರಡು ನಿಮಿಷದಲ್ಲಿ ಉತ್ತರ ಒಪ್ಪಿಸಿದರೆ ನಿಮ್ಮ ಕರ್ತವ್ಯ ಮುಗಿಯಿತು. ಆದರೆ ಅವಮಾನ ಮಾಡುವುದು ಬೋಧನೆಯಲ್ಲ. ಬೈಗುಳಕ್ಕೆ ಹೆದರಿದ ವಿದ್ಯಾರ್ಥಿ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲು ಕಲಿಯುತ್ತಾನೆ. ಹಿಂದಿನ ಪತ್ರವೊಂದರ ಕಾಲಿನ ನಾಡಿ ಸುಳ್ಳಾಗಿದ್ದು ಇಂಥ ಭಯದಿಂದಲೇ ಇರಬಹುದು. ಪೋಸ್ಟಿಂಗಿನ ಹೊಣೆ ಹೊತ್ತ ಅಧ್ಯಾಪಕರಿಗೆ ನಡೆದದ್ದನ್ನು ನಡೆದಂತೆ, ದಿನಾಂಕದೊಡನೆ, ಬರೆದು ತಿಳಿಸಿ.

ಪ್ರಶ್ನೆ: ಜ್ವರವಿದ್ದರೂ ವಾರ್ಡಿಗೆ ಬರಬೇಕೇ? ಸೂಜಿ ಚುಚ್ಚಿಕೊಂಡರೆ ಏನು ಮಾಡಬೇಕು?
— ಇಬ್ಬರು ಸಹಪಾಠಿಗಳು

ಉತ್ತರ: ಜ್ವರವಿದ್ದರೆ ಬರಬೇಡಿ, ತಿಳಿಸಿ, ನಿಮ್ಮ ರೋಗಿಗಳನ್ನು ಯಾರು ನೋಡಿಕೊಳ್ಳುತ್ತಾರೆಂದು ಗೊತ್ತುಮಾಡಿ. ಕೀಮೋಥೆರಪಿಯಲ್ಲಿರುವ ರೋಗಿಗೆ ನಿಮ್ಮ ಕೆಮ್ಮು ಸಣ್ಣ ವಿಷಯವಲ್ಲ. ಸೂಜಿ ಚುಚ್ಚಿದರೆ ಆ ಜಾಗವನ್ನು ಹಿಂಡದೆ ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆದು, ಆ ಕ್ಷಣವೇ ವರದಿ ಮಾಡಿ. ಎಚ್‌ಐವಿ ತಡೆಯುವ ಔಷಧವನ್ನು ಆದಷ್ಟು ಬೇಗ, ಕೆಲವೇ ಗಂಟೆಗಳಲ್ಲಿ ಆರಂಭಿಸಬೇಕು. 72 ಗಂಟೆ ದಾಟಿದರೆ ಅದು ಉಪಯೋಗಕ್ಕೆ ಬರುವುದಿಲ್ಲ. ನಾಚಿಕೆಯಿಂದ ಮುಚ್ಚಿಡುವವರನ್ನು ಕಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ಹನ್ನೊಂದು ದಿನ ನಾನು ನೋಡಿಕೊಂಡ ರೋಗಿಯೊಬ್ಬರು ರಾತ್ರಿ ತೀರಿಕೊಂಡರು. ನನಗೆ ಯಾರೂ ತಿಳಿಸಲಿಲ್ಲ. ಬೆಳಿಗ್ಗೆ ಎಂದಿನಂತೆ ಹೋದರೆ ಆ ಹಾಸಿಗೆಯಲ್ಲಿ ಬೇರೊಬ್ಬರಿದ್ದರು. ಔಷಧದ ಕೋಣೆಗೆ ಹೋಗಿ ಅತ್ತೆ. ನಾನು ಈ ಕೆಲಸಕ್ಕೆ ತಕ್ಕವಳಲ್ಲವೇನೋ ಎನಿಸುತ್ತಿದೆ.
— ನಾಲ್ಕನೆಯ ವರ್ಷದ ವಿದ್ಯಾರ್ಥಿನಿ

ಉತ್ತರ: ನೀವು ಅತ್ತದ್ದರಲ್ಲಿ ತಪ್ಪೇನೂ ಇಲ್ಲ. ಹನ್ನೊಂದು ದಿನ ಪ್ರತಿ ಬೆಳಿಗ್ಗೆ ಒಬ್ಬರ ಪಕ್ಕದಲ್ಲಿ ಕುಳಿತು ‘ರಾತ್ರಿ ನಿದ್ದೆ ಬಂತೇ’ ಎಂದು ಕೇಳಿದವರಿಗೆ ಅಳು ಬಾರದಿದ್ದರೆ ನಾನು ಚಿಂತಿಸುತ್ತಿದ್ದೆ. ನಿಮಗೆ ತಿಳಿಸದಿದ್ದದ್ದು ಯೂನಿಟ್ಟಿನ ಲೋಪ. ರೋಗಿಯ ಹೊಣೆಯನ್ನು ವಿದ್ಯಾರ್ಥಿಗೆ ವಹಿಸಿದ ಮೇಲೆ, ಆ ರೋಗಿ ಸತ್ತಾಗ ಆ ವಿದ್ಯಾರ್ಥಿಗೆ ಹೇಳುವುದು ನಮ್ಮ ಕೆಲಸ. ಇದನ್ನು ಓದುತ್ತಿರುವ ನನ್ನ ಸಹೋದ್ಯೋಗಿಗಳು ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

ಮೇಲಿನ ವೈದ್ಯರಲ್ಲಿ ನಿಮಗೆ ಹತ್ತಿರವೆನಿಸುವ ಒಬ್ಬರ ಬಳಿ ಹದಿನೈದು ನಿಮಿಷ ಕೇಳಿ. ಕೇಸ್ ಶೀಟನ್ನು ತೆರೆದಿಟ್ಟುಕೊಂಡು ಕೊನೆಯ ಎರಡು ದಿನ ಏನಾಯಿತು, ಯಾವುದನ್ನು ತಡೆಯಬಹುದಿತ್ತು, ಯಾವುದು ಯಾರ ಕೈಯಲ್ಲೂ ಇರಲಿಲ್ಲ ಎಂದು ಅವರೊಡನೆ ಸಾಲುಸಾಲಾಗಿ ನೋಡಿ. ನೀವು ಏನನ್ನೋ ಗಮನಿಸದೆ ಬಿಟ್ಟಿರೆಂಬ ಶಂಕೆಯಿದ್ದರೆ ಅದನ್ನು ಬಾಯಿಬಿಟ್ಟು ಕೇಳಿ. ಕೇಳದೆ ಉಳಿದ ಶಂಕೆ ವರ್ಷಗಟ್ಟಲೆ ಒಳಗೇ ಕೊರೆಯುತ್ತದೆ. ಆ ರಾತ್ರಿ ಪಾಳಿಯಲ್ಲಿದ್ದ ಸಿಸ್ಟರನ್ನೂ ಕಾಣಿ. ಕೊನೆಯ ಗಂಟೆಯಲ್ಲಿ ಯಾರು ಜೊತೆಗಿದ್ದರು, ನೋವಿತ್ತೇ, ಏನಾದರೂ ಮಾತನಾಡಿದರೇ ಎಂಬುದು ಕೇಸ್ ಶೀಟಿನಲ್ಲಿ ಇರುವುದಿಲ್ಲ, ಅವರಿಗೆ ಗೊತ್ತಿರುತ್ತದೆ. ನಿದ್ದೆ ಬಾರದೆ, ಊಟ ಸೇರದೆ ವಾರಗಳು ಕಳೆದರೆ ಕಾಲೇಜಿನ ಆಪ್ತ ಸಲಹೆಗಾರರನ್ನು ತಡಮಾಡದೆ ಕಾಣಿ.

ಆ ಹಾಸಿಗೆಗೆ ಬಂದಿರುವ ಹೊಸ ರೋಗಿಯ ಹಿಸ್ಟರಿ ಇನ್ನೂ ಯಾರೂ ತೆಗೆದುಕೊಂಡಿಲ್ಲದಿದ್ದರೆ, ಆ ದಿನ ಬೇರೆಯವರಿಗೆ ಬಿಡಿ. ಮರುದಿನ ಬೆಳಿಗ್ಗೆ ನೀವೇ ಹೋಗಿ ಕುರ್ಚಿ ಎಳೆದುಕೊಂಡು ಕುಳಿತು, ನಿಮ್ಮ ಹೆಸರು ಹೇಳಿ.